ನ್ಯಾರೋ ಗೇಜ್ ಮಾಡೆಲ್ ವ್ಯಾಗನ್: ಗಾಲಿ ಮೊದಲು, ಬಣ್ಣ ಆಮೇಲೆ

ಪುಣೆಯ ಎರಡು ಕೋಣೆಯ ಫ್ಲಾಟಿನಲ್ಲಿ ಮಾಡೆಲ್ ರೈಲಿಗೆ ಜಾಗ ಎಲ್ಲಿದೆ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ನ್ಯಾರೋ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ ಕಡಿಮೆ ಇರುವ ಸಣ್ಣ ರೈಲು ಮಾಡಿ. 4 ಅಡಿ ಉದ್ದ, 2 ಅಡಿ ಅಗಲದ ಒಂದು ಹಲಗೆ ಸಾಕು. ಅದರಲ್ಲಿ ಪೂರ್ತಿ ಒಂದು ಸುತ್ತು ಹಳಿ, ಒಂದು ಸ್ಟೇಷನ್, ಒಂದು ಸೈಡಿಂಗ್ (ಗಾಡಿ ನಿಲ್ಲಿಸುವ ಪಕ್ಕದ ಹಳಿ) ಎಲ್ಲ ಹಿಡಿಯುತ್ತದೆ. ಆಟ ಮುಗಿದ ಮೇಲೆ ಮಂಚದ ಕೆಳಗೆ ತಳ್ಳಬಹುದು.

ಇಂಜಿನ್ ಹೇಗೋ ಸಿಗುತ್ತದೆ. ಎನ್ ಗೇಜಿನ, ಅಂದರೆ 9 ಮಿಮೀ ಅಗಲದ ಹಳಿಯ ಮೇಲೆ ಓಡುವ, ಯಾವುದಾದರೂ ಸಣ್ಣ ಮಾಡೆಲ್ ಇಂಜಿನ್ ತಂದು ಮೇಲಿನ ಬಾಡಿ ಬದಲಾಯಿಸಿದರೆ ಕೆಲಸ ನಡೆಯುತ್ತದೆ. ತೊಂದರೆ ಇರುವುದು ವ್ಯಾಗನ್‌ಗಳದ್ದು. ನಮ್ಮ ಕಡೆಯ ನ್ಯಾರೋ ಗೇಜ್ ಗೂಡ್ಸ್ ಗಾಡಿಯ ಮಾಡೆಲ್ ಬೇಕು ಅಂದರೆ ನಾವೇ ಕೂತು ಕಟ್ಟಬೇಕು. ಕಷ್ಟದ ಕೆಲಸವೇನಲ್ಲ. ಆದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದು ಗೊತ್ತಿರಬೇಕು. ಹೆಚ್ಚಿನವರು ಬಾಡಿಯಿಂದ ಶುರು ಮಾಡುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಕಾಣುವ ಭಾಗ. ಚೆಂದದ ಬಾಡಿ ಆಗುತ್ತದೆ, ಗಾಡಿ ಮಾತ್ರ ಪ್ರತಿ ಪಾಯಿಂಟಿನಲ್ಲೂ, ಅಂದರೆ ಹಳಿ ಕವಲೊಡೆಯುವ ಜಾಗದಲ್ಲೂ, ಹಳಿ ಬಿಡುತ್ತದೆ.

ನಮ್ಮ ಭಾನುವಾರದ ಗುಂಪಿನಲ್ಲಿ ವಿಜಯಪುರದ ಕಾಕಾ ಒಬ್ಬರಿದ್ದಾರೆ. ಪಿಂಪ್ರಿಯ ಕಾರ್ಖಾನೆಯೊಂದರ ಮಷಿನ್ ಶಾಪಿನಲ್ಲಿ ದುಡಿದು ನಿವೃತ್ತರಾದವರು. ಹೊಸಬರು ಯಾರೇ ಬಾಡಿ ತಂದು ತೋರಿಸಿದರೂ ಅವರು ಹೇಳುವುದು ಇಷ್ಟೇ: "ಮೊದಲ ಗಾಲಿ ಉರುಳಿಸಿ ತೋರಸ್ರಿ. ಗಾಲಿ ಉರುಳಲಿಲ್ಲಾಂದ್ರ ಮ್ಯಾಲ ಡಬ್ಬಿ ಕಟ್ಟಿ ಏನ್ ಮಾಡ್ತೀರಿ?" ಈ ಲೇಖನದ ಕ್ರಮವೂ ಅದೇ. ಗಾಲಿ, ಚೌಕಟ್ಟು, ತೂಕ, ಆಮೇಲೆ ಉಳಿದದ್ದು.

ಯಾವ ಗೇಜ್, ಯಾವ ಸ್ಕೇಲ್

ಭಾರತದಲ್ಲಿ ನ್ಯಾರೋ ಗೇಜ್ ಅಂದರೆ ಮುಖ್ಯವಾಗಿ ಎರಡು: 2 ಅಡಿ 6 ಇಂಚು, ಅಂದರೆ 762 ಮಿಮೀ, ಇನ್ನೊಂದು 2 ಅಡಿ, ಅಂದರೆ 610 ಮಿಮೀ. ಪುಣೆ–ಮುಂಬೈಯವರಿಗೆ ಗೊತ್ತಿರುವ ನೇರಳ–ಮಾಥೇರಾನ್ ಗಾಡಿ ಎರಡನೆಯದು. 1907ರಲ್ಲಿ ಶುರುವಾದ, ಸುಮಾರು 21 ಕಿಮೀ ಉದ್ದದ ದಾರಿ. ನಮ್ಮ ಕಡೆಯ ತರೀಕೆರೆ–ನರಸಿಂಹರಾಜಪುರ ಗಾಡಿಯೂ 2 ಅಡಿಯದೇ ಇತ್ತು. ಯಲಹಂಕದಿಂದ ನಂದಿ ಹಾಲ್ಟ್ ಮೇಲೆ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೋಗುತ್ತಿದ್ದ ಗಾಡಿ 2 ಅಡಿ 6 ಇಂಚಿನದು.

ಮಾಡೆಲ್ ಮಾಡುವವರಿಗೆ ಈ 2 ಅಡಿ 6 ಇಂಚು ಒಂದು ವರ. ಎಚ್‌ಒ ಸ್ಕೇಲ್ ಅಂದರೆ 1:87. ಅದರಲ್ಲಿ ನಿಜದ 1 ಅಡಿಗೆ ಮಾಡೆಲಿನಲ್ಲಿ 3.5 ಮಿಮೀ. ಎರಡೂವರೆ ಅಡಿಗೆ 8.75 ಮಿಮೀ. ಎನ್ ಗೇಜಿನ ಹಳಿ 9 ಮಿಮೀ. ವ್ಯತ್ಯಾಸ ಕಾಲು ಮಿಮೀ, ಯಾರ ಕಣ್ಣಿಗೂ ಬೀಳುವುದಿಲ್ಲ. ಎನ್ ಗೇಜಿನ ಗಾಲಿ, ಇಂಜಿನ್, ಪಾಯಿಂಟ್ ಎಲ್ಲವೂ ಹಾಗೇ ನಡೆಯುತ್ತವೆ. ಮಾಥೇರಾನ್ ಗಾಡಿಯನ್ನೇ 1:87ರಲ್ಲಿ ಮಾಡಿದರೆ ಹಳಿ 7 ಮಿಮೀ ಆಗಬೇಕು, ರೆಡಿಮೇಡ್ ಸಾಮಾನು ಸಿಗುವುದು ಕಷ್ಟ. ಅದಕ್ಕೇ ಮಾಥೇರಾನ್ ಮೇಲೆ ಪ್ರೀತಿ ಇರುವವರು 1:76ಕ್ಕೆ ಹೋಗಿ 9 ಮಿಮೀ ಹಳಿಯನ್ನೇ ಬಳಸುತ್ತಾರೆ. ಹಳಿ ಸ್ವಲ್ಪ ಅಗಲ ಆಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ 1:87, 762 ಮಿಮೀ.

ಈ ಗೇಜಿನಲ್ಲಿ ನಮಗೆ ಹತ್ತಿರದ ಉದಾಹರಣೆ ಬಾರ್ಸಿ ಲೈಟ್ ರೈಲ್ವೆ. ಬಾರ್ಸಿ ರೋಡ್, ಅಂದರೆ ಈಗಿನ ಕುರ್ಡುವಾಡಿಯಿಂದ ಬಾರ್ಸಿಗೆ 1897ರಲ್ಲಿ ಶುರುವಾಯಿತು. ಒಂದು ಕಡೆ 1911ರಲ್ಲಿ ಲಾತೂರಿಗೆ ಹೋಯಿತು. ಇನ್ನೊಂದು ಕಡೆ ಪಂಢರಪುರ ದಾಟಿ 1927ರಲ್ಲಿ ಮಿರಜಿಗೆ ಬಂತು. ಈಗ ಎಲ್ಲ ಬ್ರಾಡ್ ಗೇಜ್. ನಮ್ಮ ಕಾಕಾ ಚಿಕ್ಕಂದಿನಲ್ಲಿ ಏಕಾದಶಿಗೆ ಮಿರಜಿನಿಂದ ಪಂಢರಪುರಕ್ಕೆ ಈ ಸಣ್ಣ ಗಾಡಿಯಲ್ಲೇ ಹೋಗಿದ್ದವರು. "ಗಾಡಿ ಏನ್ ಜೋರ್ ಓಡತಿರಲಿಲ್ಲ ಬಿಡ್ರಿ. ಮಂದಿ ಮಾತ್ರ ಬಾಗಲಾ ತನಕ ತುಂಬಿರತಿದ್ರು" ಅಂತಾರೆ.

ಈ ರೈಲು ಕಟ್ಟಿಸಿದ ಇಂಜಿನಿಯರ್ ಎವರಾರ್ಡ್ ಕ್ಯಾಲ್ತ್ರಪ್. ಆತನ ತಲೆ ಓಡಿದ ರೀತಿ ಮಾಡೆಲ್ ಮಾಡುವವರಿಗೆ ತುಂಬ ಉಪಯೋಗ. ಒಂದು ಅಚ್ಚಿನ (ಆಕ್ಸಲ್) ಮೇಲೆ 5 ಟನ್‌ಗಿಂತ ಜಾಸ್ತಿ ಭಾರ ಬೀಳಬಾರದು ಅಂತ ಇಟ್ಟುಕೊಂಡ. ಆಗ ಹಗುರ ಹಳಿ ಸಾಕು, ಖರ್ಚು ಕಡಿಮೆ. ಭಾರ ಹಂಚಲು ವ್ಯಾಗನ್‌ಗಳಿಗೆ ಎರಡೆರಡು ಬೋಗಿ ಕೊಟ್ಟ. ಬೋಗಿ ಅಂದರೆ ಇಲ್ಲಿ ಡಬ್ಬಿ ಅಲ್ಲ, ಅದರ ಕೆಳಗೆ ನಾಲ್ಕು ಗಾಲಿ ಹಿಡಿದುಕೊಂಡು ತಿರುಗುವ ಭಾಗ. ಅದಕ್ಕಿಂತ ಜಾಣತನದ ಕೆಲಸ ಇನ್ನೊಂದಿದೆ. ಗೂಡ್ಸ್ ಗಾಡಿಗಳಿಗೆ ಒಂದೇ ಅಳತೆಯ ಚೌಕಟ್ಟು ಮಾಡಿಸಿದ: 25 ಅಡಿ ಉದ್ದ, 7 ಅಡಿ ಅಗಲ, ಒತ್ತಿ ಮಾಡಿದ ಉಕ್ಕಿನದು. ಮೇಲೆ ಯಾವ ಬಾಡಿ ಬೇಕೋ ಅದನ್ನು ಕೂರಿಸಬಹುದು.

ನಾವೂ ಅದನ್ನೇ ಮಾಡೋಣ. 3.5ರಿಂದ ಗುಣಿಸಿ. ಚೌಕಟ್ಟಿನ ಉದ್ದ 87.5 ಮಿಮೀ, ಅಗಲ 24.5 ಮಿಮೀ. ಈ ಎರಡು ಅಂಕಿಯನ್ನು ಕೆಲಸದ ಮೇಜಿನ ಮುಂದೆ ಬರೆದು ಅಂಟಿಸಿ. ಮುಂದೆ ಕೊಡುವ ಉಳಿದ ಅಳತೆಗಳು ನಮ್ಮ ಗುಂಪಿನಲ್ಲಿ ನಾವು ಇಟ್ಟುಕೊಂಡವು. ನಿಮ್ಮ ಹತ್ತಿರ ಹಳೆಯ ಡ್ರಾಯಿಂಗ್ ಇದ್ದರೆ ಅದೇ ನಡೆಯಲಿ.

ಸಾಮಾನು

ತಳಕ್ಕೆ ಮತ್ತು ಬಾಡಿಗೆ ಪಾಲಿಸ್ಟೈರೀನ್ ಹಾಳೆ ಬೇಕು. 1.5 ಮಿಮೀ, 1 ಮಿಮೀ, 0.5 ಮಿಮೀ ಮತ್ತು ರಿವೆಟ್‌ಗೆ (ಉಕ್ಕಿನ ತಗಡು ಜೋಡಿಸುವ ಮೊಳೆಯ ತಲೆ) 0.25 ಮಿಮೀ. ಮಾಡೆಲಿಂಗ್ ಬ್ರ್ಯಾಂಡಿನ ಹಾಳೆ ದುಬಾರಿ. ಸೈನ್‌ಬೋರ್ಡ್ ಮಾಡುವವರಿಗೆ ಪ್ಲಾಸ್ಟಿಕ್ ಹಾಳೆ ಮಾರುವ ಅಂಗಡಿಯಲ್ಲಿ ಹಿಪ್ಸ್ ಅಂತ ಕೇಳಿ, ಅದೂ ಪಾಲಿಸ್ಟೈರೀನೇ. ಸನ್‌ಬೋರ್ಡ್ ಮಾತ್ರ ಬೇಡ. ಒಳಗೆ ನೊರೆಯ ಹಾಗಿರುತ್ತದೆ, ಗೆರೆ ಕೊರೆದರೆ ಅಂಚು ಕಿತ್ತು ಬರುತ್ತದೆ. ಅಪ್ಪಾ ಬಳವಂತ ಚೌಕದ ಸ್ಟೇಷನರಿ ಅಂಗಡಿಗಳಲ್ಲಿ ಒಳ್ಳೆ ಸ್ಟೀಲ್ ಸ್ಕೇಲು, ಕಟರ್, ಕಟಿಂಗ್ ಮ್ಯಾಟ್ ನೋಡಿ. ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಸಣ್ಣ ಸ್ಕ್ರೂ, ವಾಷರ್, ಸೂಜಿ ಅರ, ಸ್ಯಾಂಡ್ ಪೇಪರ್. ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಸಾಲಿನಲ್ಲಿ ಪಿನ್ ವೈಸ್ (ಬೆರಳಲ್ಲಿ ತಿರುಗಿಸಿ ತೂತು ಕೊರೆಯುವ ಹಿಡಿಕೆ), ಸಣ್ಣ ಡ್ರಿಲ್ ಬಿಟ್, ಚಿಮಟ. ಮುಂಬೈಯವರಿಗೆ ಲೋಹಾರ್ ಚಾಳ್ ಮತ್ತು ಲ್ಯಾಮಿಂಗ್ಟನ್ ರೋಡ್ ಇವೆ, ನಾನು ಹೇಳಬೇಕಾಗಿಲ್ಲ.

ದುಡ್ಡು ಉಳಿಸಬಾರದ ಜಾಗ ಎರಡೇ: ಗಾಲಿ ಮತ್ತು ಕಪ್ಲರ್, ಅಂದರೆ ಒಂದು ಗಾಡಿಯನ್ನು ಇನ್ನೊಂದಕ್ಕೆ ಕೂಡಿಸುವ ಕೊಂಡಿ. ಎನ್ ಗೇಜಿನ ಬೋಗಿಯನ್ನು ಒಳ್ಳೆ ಕಂಪನಿಯದೇ ತರಿಸಿ, ಲೋಹದ ಗಾಲಿ ಇರುವಂಥದು. ಹೊರದೇಶದಿಂದ ಬಿಡಿಬಿಡಿಯಾಗಿ ತರಿಸಿದರೆ ಅಂಚೆ ಖರ್ಚು, ಸುಂಕ ಎಲ್ಲ ಸೇರಿ ತಲೆ ಬಿಸಿ. ಮೂರ್ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿ. ಇಲ್ಲವೇ ರಜೆಗೆ ಬರುವ ಭಾವ, ನಾದಿನಿ ಯಾರಿಗಾದರೂ ಹೇಳಿ. ಬೋಗಿ ಸೂಟ್‌ಕೇಸಿನ ಮೂಲೆಯಲ್ಲಿ ಹಿಡಿಯುತ್ತದೆ.

ಬೋಗಿಯನ್ನೂ ತ್ರೀಡಿ ಪ್ರಿಂಟ್ ಮಾಡಬಹುದಲ್ವಾ ಅಂತ ಹಿಂಜೆವಾಡಿಯ ಹುಡುಗರು ಕೇಳುತ್ತಾರೆ. ಮಾಡಬಹುದು. ರೆಸಿನ್ ಪ್ರಿಂಟಿನಲ್ಲಿ ಸ್ಪ್ರಿಂಗ್, ಬೋಲ್ಟ್ ಎಲ್ಲ ಚೆನ್ನಾಗಿ ಬರುತ್ತವೆ. ಆದರೆ ಅಚ್ಚಿನ ತುದಿ ಕೂರುವ ಕುಳಿ ನಯವಾಗಿ ಬರುವುದಿಲ್ಲ, ಗಾಲಿ ಹಿಡಿದುಕೊಳ್ಳುತ್ತದೆ. ಪಿಎಲ್‌ಎ ಪ್ಲಾಸ್ಟಿಕ್ಕಿನ ಪ್ರಿಂಟ್ ಆದರೆ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಕಾರಿನೊಳಗೆ ಬಿಟ್ಟರೆ ವ್ಯಾಗನ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಬಾಡಿಯ ಸಣ್ಣಪುಟ್ಟ ಭಾಗಗಳಿಗೆ ಪ್ರಿಂಟ್ ಇಟ್ಟುಕೊಳ್ಳಿ.

ಗಾಲಿ ಪರೀಕ್ಷೆ

ಬೋಗಿ ಕೈಗೆ ಬಂದ ಕೂಡಲೇ ಗಾಲಿಗಳನ್ನು ಬಿಚ್ಚಿ. ಎರಡು ಗಾಲಿಗಳ ಒಳಮೈ ನಡುವಿನ ಅಂತರವನ್ನು ವರ್ನಿಯರ್‌ನಲ್ಲಿ ಅಳೆಯಿರಿ. 9 ಮಿಮೀ ಹಳಿಗೆ ಇದು 7.4ರಿಂದ 7.5 ಮಿಮೀ ಇರಬೇಕು. ಕಡಿಮೆ ಇದ್ದರೆ ಪಾಯಿಂಟಿನ ಕ್ರಾಸಿಂಗಿನಲ್ಲಿ ಗಾಲಿ ಚೆಕ್ ರೈಲಿಗೆ (ಗಾಲಿ ದಾರಿ ತಪ್ಪದಂತೆ ಒಳಬದಿಗೆ ಹಾಕಿದ ತುಂಡು ಹಳಿ) ತಗಲಿ ಮೇಲೇಳುತ್ತದೆ. ಜಾಸ್ತಿ ಇದ್ದರೆ ಗಾಲಿಯ ಅಂಚು ಹಳಿಯನ್ನು ಒತ್ತುತ್ತದೆ. ಒಂದು ಕಡೆ ಇನ್ಸುಲೇಷನ್ ಬುಷ್ (ಕರೆಂಟ್ ತಡೆಯುವ ಪ್ಲಾಸ್ಟಿಕ್ ಉಂಗುರ) ಇರುವ ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ ಎಳೆದರೆ ಅಥವಾ ಒತ್ತಿದರೆ ಸರಿಯುತ್ತದೆ. ಹಳಿ ಬಿಡುವ ತೊಂದರೆಯಲ್ಲಿ ದೊಡ್ಡ ಪಾಲು ಇಲ್ಲೇ ಮುಗಿಯುತ್ತದೆ.

ಆಮೇಲೆ ಗಾಲಿ ಹಾಕಿ ಬೋಗಿಯನ್ನು ಇಳಿಜಾರಿನಲ್ಲಿ ಬಿಡಿ. 1 ಮೀಟರ್ ಉದ್ದದ ಹಳಿಯನ್ನು ಹಲಗೆ ಮೇಲೆ ಅಂಟಿಸಿ, ಒಂದು ತುದಿಯನ್ನು 2 ಸೆಂಮೀ ಎತ್ತಿ. ಮಕ್ಕಳ ನೋಟ್‌ಬುಕ್ ಒಂದೆರಡು ಕೆಳಗಿಟ್ಟರೆ ಆಯಿತು. ಕೈ ಬಿಟ್ಟ ಬೋಗಿ ತಾನಾಗೇ ಹೊರಟು ಕೆಳತುದಿಯವರೆಗೆ ಹೋಗಬೇಕು. ಹೋಗಲಿಲ್ಲ ಅಂದರೆ ಅಚ್ಚನ್ನು ಬೆರಳಲ್ಲಿ ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಕೂದಲೆಳೆಯಷ್ಟಾದರೂ ಆಟ ಇರಬೇಕು. ಬಿಗಿಯಾಗಿದ್ದರೆ ಬೋಗಿಯ ಪಕ್ಕಗಳನ್ನು ಸ್ವಲ್ಪ ಹೊರಕ್ಕೆ ಬಾಗಿಸಿ. ಎಣ್ಣೆ ಬೇಡ. ಪ್ಲಾಸ್ಟಿಕ್ ಕುಳಿಯಲ್ಲಿ ಎಣ್ಣೆ ಬಿದ್ದರೆ ಧೂಳು ಹಿಡಿದು ಜಿಡ್ಡಾಗುತ್ತದೆ. ಬೇಕೇ ಬೇಕು ಅಂದರೆ ಮೆತ್ತನೆಯ ಪೆನ್ಸಿಲಿನ ಪುಡಿ ಸಾಕು.

ಗಾಲಿ ಗಾತ್ರದ ಬಗ್ಗೆ ಜನ ಚಿಂತೆ ಮಾಡುತ್ತಾರೆ. ಎನ್ ಸ್ಕೇಲಿನ (1:160) 33 ಇಂಚಿನ ಗಾಲಿ 5.2 ಮಿಮೀ ಇರುತ್ತದೆ. 1:87ರಲ್ಲಿ ಅದು ಒಂದೂವರೆ ಅಡಿಯ ಗಾಲಿ ಆಗುತ್ತದೆ. ನ್ಯಾರೋ ಗೇಜಿಗೆ ಚೆನ್ನಾಗೇ ಒಪ್ಪುತ್ತದೆ.

ಚೌಕಟ್ಟು

1.5 ಮಿಮೀ ಹಾಳೆಯಲ್ಲಿ 87.5 × 24.5 ಮಿಮೀ ತುಂಡು ಕತ್ತರಿಸಿ. ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಹಗುರವಾಗಿ ನಾಲ್ಕೈದು ಸಲ ಗೀರಿ, ಆಮೇಲೆ ಮುರಿಯಿರಿ. ಚಟ್ ಅಂತ ನೇರ ಮುರಿಯುತ್ತದೆ. ಅಂಚನ್ನು ಸ್ಯಾಂಡ್ ಪೇಪರಿನ ಮೇಲೆ ನೆಟ್ಟಗೆ ನಿಲ್ಲಿಸಿ ಒಂದೆರಡು ಸಲ ಎಳೆಯಿರಿ. ನಾಲ್ಕು ಮೂಲೆಯೂ ಲಂಬ ಇದೆಯಾ ಅಂತ ಮೂಲೆಮಟ್ಟದಲ್ಲಿ ನೋಡಿ. ಇಲ್ಲಿ ಅರ್ಧ ಮಿಮೀ ಓರೆಯಾದರೆ ಬಾಡಿ ಕೂರಿಸುವಾಗ ಅದು ಎದ್ದು ಕಾಣುತ್ತದೆ.

ಒಂದೇ ವ್ಯಾಗನ್ ಮಾಡುವುದಿದ್ದರೂ ಆರು ತಳ ಕತ್ತರಿಸಿಟ್ಟುಕೊಳ್ಳಿ. ಅಳತೆ ಕೈಯಲ್ಲಿರುವಾಗಲೇ ಮಾಡಿದರೆ ಆರೂ ಒಂದೇ ಥರ ಬರುತ್ತವೆ. ಮುಂದಿನ ವರ್ಷ ಮತ್ತೆ ಕೂತರೆ ಬರಲ್ಲ.

ಈಗ ಒಂದು ಜಿಗ್, ಅಂದರೆ ತುಂಡುಗಳನ್ನು ನೇರ ಹಿಡಿದಿಡುವ ಸಾಧನ ಬೇಕು. ಅಡುಗೆಮನೆ ಕಟ್ಟೆ ಮಾಡಿಸಿದಾಗ ಉಳಿದ ಕಡಪಾ ಅಥವಾ ಗ್ರಾನೈಟ್ ತುಂಡು ಇದ್ದರೆ ಅದೇ ನಿಮ್ಮ ಸಮತಟ್ಟಾದ ಮೇಜು. ಇಲ್ಲದಿದ್ದರೆ ದಪ್ಪ ಗಾಜು. ಅದರ ಮೇಲೆ ಅಲ್ಯೂಮಿನಿಯಂ ಆಂಗಲ್‌ನ ಎರಡು ತುಂಡನ್ನು ಲಂಬವಾಗಿ ಅಂಟಿಸಿ. ತಳದ ಹಾಳೆಯನ್ನು ಆ ಮೂಲೆಗೆ ಒತ್ತಿ ಇಟ್ಟರೆ ಅಂಟಿಸುವುದೆಲ್ಲ ನೇರ ಕೂರುತ್ತದೆ.

ತಳವನ್ನು ಬೋರಲು ಇಟ್ಟು ಎರಡೂ ಉದ್ದದ ಅಂಚಿಗೆ 3 ಮಿಮೀ ಎತ್ತರ, 1 ಮಿಮೀ ದಪ್ಪದ ಪಟ್ಟಿ ಅಂಟಿಸಿ. ತುದಿಗಳಿಗೂ ಅಷ್ಟೇ ಎತ್ತರದ ಪಟ್ಟಿ. ಎರಡೂ ತುದಿಯಿಂದ 14.75 ಮಿಮೀ ಒಳಗೆ ಬೋಗಿಯ ನಡುಬಿಂದು ಗುರುತು ಮಾಡಿ. ಎರಡರ ನಡುವೆ 58 ಮಿಮೀ ಉಳಿಯುತ್ತದೆ. ಆ ಗುರುತಿನ ಮೇಲೆ 8 ಮಿಮೀ ಅಗಲದ ಅಡ್ಡ ಪಟ್ಟಿ ಕೂರಿಸಿ 1.6 ಮಿಮೀ ತೂತು ಕೊರೆಯಿರಿ. 2 ಮಿಮೀ ಸ್ಕ್ರೂ ಅದರಲ್ಲಿ ತಾನೇ ಹಾದಿ ಮಾಡಿಕೊಂಡು ಹೋಗುತ್ತದೆ. ಬೋಗಿಯ ತೂತು ದೊಡ್ಡದಿದ್ದರೆ ಖಾಲಿ ಬಾಲ್‌ಪೆನ್ ರಿಫಿಲ್ ಕತ್ತರಿಸಿ ಬುಷ್ ಮಾಡಿ.

ಅಂಟಿಗೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ತೆಳು ಸಿಮೆಂಟೇ ಒಳ್ಳೆಯದು. ಬ್ರಶ್ಶಿನ ತುದಿಯಲ್ಲಿ ಸಂದಿಗೆ ಮುಟ್ಟಿಸಿದರೆ ತಾನೇ ಒಳಗೆ ಹರಿಯುತ್ತದೆ. ಕಿಟಕಿ ತೆರೆದಿಡಿ, ಅದರ ಹಬೆ ಒಳ್ಳೆಯದಲ್ಲ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ ನಿಜ, ಆದರೆ ಸರಿಪಡಿಸಲು ಸಮಯ ಕೊಡಲ್ಲ. ಲೋಹವನ್ನು ಪ್ಲಾಸ್ಟಿಕ್ಕಿಗೆ ಅಂಟಿಸುವಾಗ ಮಾತ್ರ ಅದನ್ನು ತೆಗೆಯಿರಿ.

ಬೋಗಿ ಕೂರಿಸುವುದರಲ್ಲಿ ಒಂದು ಗುಟ್ಟಿದೆ. ಎರಡೂ ಬೋಗಿಯನ್ನು ಒಂದೇ ಥರ ಬಿಗಿದರೆ ಹಳಿ ಸ್ವಲ್ಪ ತಿರುಚಿದ ಕಡೆ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ನಾಲ್ಕು ಕಾಲಿನ ಸ್ಟೂಲು ಅಲ್ಲಾಡುತ್ತದೆ, ಮೂರು ಕಾಲಿನದು ಅಲ್ಲಾಡಲ್ಲ. ಆದ್ದರಿಂದ ಒಂದು ತುದಿಯ ಅಡ್ಡ ಪಟ್ಟಿಯ ಮೇಲೆ ಸ್ಕ್ರೂವಿನ ಎಡಕ್ಕೆ ಒಂದು, ಬಲಕ್ಕೆ ಒಂದು 0.5 ಮಿಮೀ ಚೂರು ಅಂಟಿಸಿ. ಅಲ್ಲಿ ಬೋಗಿ ತಿರುಗುತ್ತದೆ, ಹಿಂದೆ ಮುಂದೆ ತೂಗುತ್ತದೆ, ಅಡ್ಡಕ್ಕೆ ವಾಲುವುದಿಲ್ಲ. ಇನ್ನೊಂದು ತುದಿಯಲ್ಲಿ ಸ್ಕ್ರೂವಿನ ಸುತ್ತ ಅದೇ ದಪ್ಪದ ಸಣ್ಣ ಉಂಗುರ ಮಾತ್ರ ಇರಲಿ. ಅಲ್ಲಿ ಬೋಗಿ ಎಲ್ಲ ಕಡೆಗೂ ವಾಲಬಹುದು. ಸ್ಕ್ರೂವನ್ನು ಪೂರ್ತಿ ಬಿಗಿದು ಕಾಲು ಸುತ್ತು ಸಡಿಲಿಸಿ. ಆಮೇಲೆ ಒಂದು ಕಡೆಯ ಹಳಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತುರುಕಿ ಚೌಕಟ್ಟನ್ನು ಮೇಲಿಟ್ಟು ನೋಡಿ. ಎಂಟು ಗಾಲಿಯೂ ಹಳಿ ಮುಟ್ಟಿದ್ದರೆ ಕೆಲಸ ಗೆದ್ದಿತು.

ಕಪ್ಲರ್ ಮತ್ತು ತಿರುವು

ಕಪ್ಲರ್ ಯಾವುದೇ ಇರಲಿ, ಒಂದೇ ಜಾತಿ, ಒಂದೇ ಎತ್ತರ. ಇಂಜಿನ್ನಿನ ಕಪ್ಲರ್ ಎತ್ತರಕ್ಕೆ ಒಂದು ಪ್ಲಾಸ್ಟಿಕ್ ಚೂರು ಕತ್ತರಿಸಿ ಅಳತೆಗೆ ಇಟ್ಟುಕೊಳ್ಳಿ. ಪ್ರತಿ ವ್ಯಾಗನ್ನಿನ ಎರಡೂ ತುದಿಯನ್ನು ಅದರ ಮುಂದೆ ಇಟ್ಟು ನೋಡಿ. ತಗ್ಗಾದರೆ ಬೋಗಿ ಮತ್ತು ಅಡ್ಡ ಪಟ್ಟಿಯ ನಡುವೆ ತೆಳು ಚೂರು ಸೇರಿಸಿ, ಎತ್ತರವಾದರೆ ಪಟ್ಟಿ ಅರೆಯಿರಿ.

ಬೋಗಿಗೇ ಕಪ್ಲರ್ ಇರುವ ಮಾದರಿ ಬರುತ್ತದೆ. ಬಿಗಿ ತಿರುವಿನಲ್ಲಿ ಅದು ಸಲೀಸು. ಆದರೆ ಆರೇಳು ವ್ಯಾಗನ್ ಹಿಂದಕ್ಕೆ ತಳ್ಳಿ ನೋಡಿ, ಬೋಗಿ ಓರೆಯಾಗಿ ಹಳಿ ಬಿಡುತ್ತದೆ. ಸೈಡಿಂಗಿಗೆ ತಳ್ಳುವುದು ಗೂಡ್ಸ್ ಗಾಡಿಯ ಅರ್ಧ ಮಜಾ. ಹಾಗಾಗಿ ನಾನು ಕಪ್ಲರನ್ನು ಚೌಕಟ್ಟಿಗೇ ಹಾಕುತ್ತೇನೆ.

ಹಾಗೆ ಹಾಕಿದರೆ ತಿರುವಿನಲ್ಲಿ ತುದಿ ಎಷ್ಟು ಹೊರಗೆ ಚಾಚುತ್ತದೆ ಅಂತ ಗೊತ್ತಿರಬೇಕು. 9 ಇಂಚು ತ್ರಿಜ್ಯದ ತಿರುವಿನಲ್ಲಿ ನಮ್ಮ ವ್ಯಾಗನ್ನಿನ ತುದಿ ಹಳಿಯ ನಡುಗೆರೆಯಿಂದ ಸುಮಾರು 2.4 ಮಿಮೀ ಹೊರಕ್ಕೆ ಹೋಗುತ್ತದೆ. ನಡುಭಾಗ 1.8 ಮಿಮೀ ಒಳಕ್ಕೆ ಬರುತ್ತದೆ. ತ್ರಿಜ್ಯ 12 ಇಂಚು ಮಾಡಿದರೆ ತುದಿ ಚಾಚುವುದು 1.8 ಮಿಮೀಗೆ ಇಳಿಯುತ್ತದೆ, ಕಪ್ಲರ್ ಎಳೆದಾಡುವುದೂ ಕಡಿಮೆ. ಜಾಗ ಇದ್ದರೆ 12 ಇಂಚು ಇಡಿ. 9 ಇಂಚೇ ಗತಿ ಅಂದರೆ ನಡುಗೆರೆಯಿಂದ 17 ಮಿಮೀ ಒಳಗೆ ಪ್ಲಾಟ್‌ಫಾರಂ, ಕಂಬ ಏನೂ ಬರದ ಹಾಗೆ ನೋಡಿಕೊಳ್ಳಿ.

ತೂಕ

ಹಗುರ ವ್ಯಾಗನ್ ಓಡುವುದಿಲ್ಲ, ಕುಣಿಯುತ್ತದೆ. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆ ಎನ್ ಸ್ಕೇಲಿಗೆ ಕೊಡುವ ಲೆಕ್ಕ ನಮಗೂ ಸರಿಹೊಂದುತ್ತದೆ: ಅರ್ಧ ಔನ್ಸ್, ಅದಕ್ಕೆ ಉದ್ದದ ಪ್ರತಿ ಇಂಚಿಗೆ 0.15 ಔನ್ಸ್ ಸೇರಿಸಿ. ನಮ್ಮ 87.5 ಮಿಮೀ ವ್ಯಾಗನ್ನಿಗೆ ಅದು ಸುಮಾರು 29 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಎಲ್ಲ ವ್ಯಾಗನ್ನೂ ಒಂದೆರಡು ಗ್ರಾಂ ಆಚೀಚೆ ಒಂದೇ ತೂಕ ಇರಲಿ. ಭಾರದ ವ್ಯಾಗನ್ ಹಿಂದೆ, ಹಗುರದ್ದು ನಡುವೆ ಸಿಕ್ಕಿದರೆ ತಿರುವಿನಲ್ಲಿ ಹಗುರದ್ದು ಒಳಕ್ಕೆ ಮಗುಚುತ್ತದೆ.

ತೂಕ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು. ಎರಡು ಬೋಗಿಗಳ ನಡುವೆ, ತಳದ ಕೆಳಗೆ ಕಬ್ಬಿಣದ ಪಟ್ಟಿ ಅಥವಾ ವಾಷರ್‌ಗಳನ್ನು ಅಂಟಿಸಿ. ಮೀನಿನ ಗಾಳಕ್ಕೆ ಕಟ್ಟುವ ಸೀಸ ಬೇಡ, ಮಕ್ಕಳು ಕೈ ಹಾಕುವ ಮನೆಯಲ್ಲಂತೂ ಬೇಡವೇ ಬೇಡ. ಯಾರೋ ಒಬ್ಬರು ರೂಪಾಯಿ ನಾಣ್ಯ ಅರೆದು ಕೂರಿಸಬಹುದಾ ಅಂತ ಕೇಳಿದ್ದರು. ನಾಣ್ಯ ಹಾಳು ಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ವಾಷರ್ ಅದಕ್ಕಿಂತ ಅಗ್ಗ ಕೂಡ.

ಬಾಡಿ

ಮೊದಲ ವ್ಯಾಗನ್ನಿಗೆ ಮೇಲೆ ತೆರೆದಿರುವ ಬಾಡಿಯೇ ಸರಿ. 1 ಮಿಮೀ ಹಾಳೆಯಲ್ಲಿ ಎರಡು ಪಕ್ಕ, 87.5 × 11.5 ಮಿಮೀ. ಎರಡು ತುದಿ, 22.5 × 11.5 ಮಿಮೀ. 11.5 ಮಿಮೀ ಅಂದರೆ ನಿಜದಲ್ಲಿ 1 ಮೀಟರ್. ಪಕ್ಕಗಳು ತಳದ ಅಂಚಿನ ಮೇಲೆ ನಿಲ್ಲುತ್ತವೆ, ತುದಿಗಳು ಅವುಗಳ ನಡುವೆ ಕೂರುತ್ತವೆ. ತಗ್ಗು ಪಕ್ಕದ ವ್ಯಾಗನ್ ಬೇಕಾದರೆ ಎತ್ತರವನ್ನು 7 ಮಿಮೀ ಮಾಡಿ, 2 ಅಡಿ ಆಗುತ್ತದೆ. ಒಳಗಿನ ನೆಲಕ್ಕೆ ಹಲಗೆ ತೋರಿಸಬೇಕು ಅಂದರೆ ಅಂಟಿಸುವ ಮೊದಲೇ ಕಟರ್‌ನ ಬೆನ್ನಿನಿಂದ 2 ಮಿಮೀಗೊಂದು ಗೆರೆ ಎಳೆಯಿರಿ.

ಉಕ್ಕಿನ ವ್ಯಾಗನ್ನಿಗೆ ಜೀವ ಬರುವುದು ರಿವೆಟ್‌ನಿಂದ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಆತುರ ಮಾಡುತ್ತಾರೆ. 0.25 ಮಿಮೀ ಹಾಳೆಯಲ್ಲಿ 2 ಮಿಮೀ ಅಗಲದ ಪಟ್ಟಿ ಗುರುತು ಮಾಡಿ, ಇನ್ನೂ ಕತ್ತರಿಸಬೇಡಿ. ಹಾಳೆಯ ಕೆಳಗೆ ಹಳೆಯ ಕ್ಯಾಲೆಂಡರಿನ ನಾಲ್ಕೈದು ಪುಟ ಇಡಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಅದರ ಪಕ್ಕ ಸ್ಟೀಲ್ ಸ್ಕೇಲ್ ಇಟ್ಟು, ಪ್ರತಿ ಮಿಲಿಮೀಟರ್ ಗುರುತಿಗೆ ಮೊಂಡಾದ ಕಂಪಾಸ್ ಮುಳ್ಳಿನಿಂದ ಒತ್ತಿ. ತೂತಾಗಬಾರದು, ಮುಂಬದಿಯಲ್ಲಿ ಸಾಸಿವೆಯ ಕಾಲುಭಾಗದಷ್ಟು ಉಬ್ಬು ಮೂಡಬೇಕು. ಒತ್ತಡ ಒಂದೇ ಥರ ಬರಬೇಕಾದರೆ ಕೈಯಿಂದ ಒತ್ತಬೇಡಿ. ಮುಳ್ಳನ್ನು ನೆಟ್ಟಗೆ ಹಿಡಿದು ಅದರ ಮೇಲೆ ಸಣ್ಣ ಸ್ಪ್ಯಾನರ್ ಒಂದನ್ನು ಒಂದೇ ಎತ್ತರದಿಂದ ಬೀಳಿಸಿ. ಸಾಲು ಪೂರ್ತಿಯಾದ ಮೇಲೆ ಪಟ್ಟಿ ಕತ್ತರಿಸಿ. ಮೊದಲೇ ಕತ್ತರಿಸಿದರೆ ಪಟ್ಟಿ ಸುರುಳಿ ಸುತ್ತುತ್ತದೆ. ಅಂಟಿಸುವಾಗ ಸಿಮೆಂಟ್ ಕಡಿಮೆ ಹಾಕಿ, ಜಾಸ್ತಿಯಾದರೆ ಉಬ್ಬು ಕರಗಿ ಮಾಯ.

ಈ ಪಟ್ಟಿಗಳನ್ನು ಪಕ್ಕದ ಮೇಲೆ ಸಮ ಅಂತರದಲ್ಲಿ ನಿಲ್ಲಿಸಿ, ನಡುವೆ ಬಾಗಿಲಿಗೆ ಜಾಗ ಬಿಡಿ. ಹಿಡಿಕೆಗೆ 0.4 ಮಿಮೀ ಹಿತ್ತಾಳೆ ತಂತಿ. ಬ್ರೇಕ್ ಲಿವರ್‌ಗೆ ಒಂದು ತೆಳು ಪಟ್ಟಿ. ಕೆಳಗಿನ ಬ್ರೇಕ್ ಸಾಮಾನನ್ನೆಲ್ಲ ಮಾಡುವ ಹುಚ್ಚು ಬೇಡ. ಮೂರು ಅಡಿ ದೂರದಿಂದ ನೋಡುವವರಿಗೆ ಅದು ಕಾಣುವುದಿಲ್ಲ, ಬೋಗಿಗೆ ಮಾತ್ರ ತಗಲುತ್ತದೆ.

ಬಣ್ಣ

ಬೋಗಿ, ಕಪ್ಲರ್ ಬಿಚ್ಚಿಡಿ. ವ್ಯಾಗನ್ನನ್ನು ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ, ಕೈಯ ಜಿಡ್ಡು ಹೋಗಲಿ. ಪ್ರೈಮರ್ ಸ್ಪ್ರೇ ಕೊಳ್ಳುವಾಗ ಪ್ಲಾಸ್ಟಿಕ್ಕಿಗೆ ಆಗುತ್ತದಾ ಅಂತ ಕೇಳಿ, ಮೊದಲು ಬೇಡದ ಚೂರಿನ ಮೇಲೆ ಹೊಡೆದು ನೋಡಿ. ಎನ್‌ಸಿ ಥಿನ್ನರ್ ಇರುವ ಬಣ್ಣ ಪಾಲಿಸ್ಟೈರೀನನ್ನು ತಿನ್ನುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಪುಣೆಯಲ್ಲಿ ಸ್ಪ್ರೇ ಕೆಲಸ ಇಟ್ಟುಕೊಳ್ಳಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬಣ್ಣದ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದೆ. ಮಳೆಗಾಲ ಕತ್ತರಿಸಲು, ರಿವೆಟ್ ಒತ್ತಲು. ದೀಪಾವಳಿ ಹೊತ್ತಿಗೆ ಬಿಸಿಲು ಬಂದ ಮೇಲೆ ಎಲ್ಲ ವ್ಯಾಗನ್‌ಗೂ ಒಂದೇ ದಿನ ಬಣ್ಣ. ಕೊಂಕಣ, ಗೋವಾದ ಕಡೆ ಇರುವವರು ಬ್ರಶ್ಶನ್ನೇ ನಂಬಿಕೊಳ್ಳುವುದು ಒಳ್ಳೆಯದು.

ಭಾರತದ ಗೂಡ್ಸ್ ಗಾಡಿ ಅಂದರೆ ಕಣ್ಣ ಮುಂದೆ ಬರುವುದು ಆ ಇಟ್ಟಿಗೆಗೆಂಪು. ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಅದೇ ಬಣ್ಣ, ಆದರೆ ದಪ್ಪ, ರಿವೆಟ್ ಮುಚ್ಚಿಬಿಡುತ್ತದೆ. ಕ್ಯಾಮೆಲ್ ಅಕ್ರಿಲಿಕ್‌ನಲ್ಲಿ ಬರ್ಂಟ್ ಸಿಯೆನ್ನಾಗೆ ಒಂದು ಚೂರು ಕಪ್ಪು ಸೇರಿಸಿ, ನೀರಲ್ಲಿ ತೆಳುಮಾಡಿ ಮೂರು ಸಲ ಬಳಿಯಿರಿ. ಒಣಗಿದ ಮೇಲೆ ನೀರುನೀರಾದ ಕಪ್ಪು ಹಚ್ಚಿ ಒರೆಸಿದರೆ ರಿವೆಟ್‌ಗಳು ಎದ್ದು ಕಾಣುತ್ತವೆ. ಬೋಗಿಗೆ ಧೂಳಿನ ಕಂದು. ಗಾಲಿಯ ಹಳಿ ಮುಟ್ಟುವ ಭಾಗಕ್ಕೂ ಅಚ್ಚಿನ ತುದಿಗೂ ಬಣ್ಣ ತಾಗಬಾರದು. ಅಕ್ಷರಗಳನ್ನು ಡೆಕಾಲ್ ಕಾಗದದಲ್ಲಿ (ನೀರಲ್ಲಿ ನೆನೆಸಿ ಚಿತ್ರ ಜಾರಿಸಿ ಅಂಟಿಸುವ ಹಾಳೆ) ಪ್ರಿಂಟ್ ಮಾಡಿಸಿ ಅಂಟಿಸಿ. ಸಾಮಾನ್ಯ ಪ್ರಿಂಟರ್ ಬಿಳಿ ಅಕ್ಷರ ಮುದ್ರಿಸುವುದಿಲ್ಲ, ಅದಕ್ಕೆ ಬಿಳಿ ಡೆಕಾಲ್ ಹಾಳೆಯಲ್ಲಿ ವ್ಯಾಗನ್ನಿನ ಬಣ್ಣವನ್ನೇ ಸುತ್ತ ಹಾಕಿಸಬೇಕು.

ಸರಕು

ಲಾತೂರಿನ ಕಡೆಯ ಗಾಡಿ ಅಂದಮೇಲೆ ತೊಗರಿ, ಜೋಳ, ಹತ್ತಿ ಬೇಕಲ್ವಾ. ಜೋಳದ ಚೀಲ ಮಾಡಲು ಎಪಾಕ್ಸಿ ಪುಟ್ಟಿಯನ್ನು 10 ಮಿಮೀ ಉದ್ದದ ತುಂಡು ಮಾಡಿ, ಇನ್ನೂ ಮೆತ್ತಗಿರುವಾಗಲೇ ಹಳೆಯ ಮಲ್ ಬಟ್ಟೆ ಒತ್ತಿ. ನೇಯ್ಗೆಯ ಗುರುತು ಮೂಡುತ್ತದೆ. ಒಂದರ ಮೇಲೊಂದು ಪೇರಿಸಿ ಒತ್ತಿದರೆ ಚೀಲ ಚೀಲಕ್ಕೆ ಅಪ್ಪಿಕೊಂಡ ಹಾಗೆ ಕಾಣುತ್ತದೆ. ಒಣಗಿದ ಮೇಲೆ ಮಾಡಿದರೆ ಇಟ್ಟಿಗೆ ಜೋಡಿಸಿದ ಹಾಗಾಗುತ್ತದೆ.

ಜಲ್ಲಿಗೆ ರಾಗಿ ಹಾಕಬಹುದಾ ಅಂತ ನಮ್ಮ ಮಂಡ್ಯದ ಗೆಳೆಯ ಕೇಳಿದ. ಗಾತ್ರ ಸರಿಯಾಗೇ ಇದೆ, 1:87ರಲ್ಲಿ ಒಂದು ರಾಗಿ ಕಾಳು ಹಿಡಿ ಗಾತ್ರದ ಕಲ್ಲು. ಆದರೆ ಇರುವೆ ಬರುತ್ತದೆ, ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ರಾಗಿ ಮುದ್ದೆಗೇ ಇರಲಿ. ಜಲ್ಲಿಗೆ ಜರಡಿ ಹಿಡಿದ ಮರಳು, ಕಲ್ಲಿದ್ದಲಿಗೆ ಪುಡಿ ಮಾಡಿದ ಇದ್ದಿಲು. ಸರಕನ್ನು ವ್ಯಾಗನ್ನಿಗೆ ಅಂಟಿಸಬೇಡಿ. ತೆಳು ಹಾಳೆಯ ಮೇಲೆ ಅಂಟಿಸಿ, ಕೆಳಗೊಂದು ಕಬ್ಬಿಣದ ಚೂರು ಇಡಿ. ಆಗ ಆಯಸ್ಕಾಂತದಿಂದ ಎತ್ತಿ ಖಾಲಿ ವ್ಯಾಗನ್ ಮಾಡಬಹುದು.

ಓಡಿಸಿ ನೋಡುವುದು

ಇಡೀ ರೇಕನ್ನು (ವ್ಯಾಗನ್‌ಗಳ ಸಾಲನ್ನು) ಮುಂದಕ್ಕೆ ಎಳೆದು ನೋಡಿ ಖುಷಿಪಡಬೇಡಿ. ಎಳೆದಾಗ ಎಂಥ ವ್ಯಾಗನ್ನೂ ಓಡುತ್ತದೆ. ಪಾಯಿಂಟಿನ ಮೇಲೆ, ತಿರುವಿನಲ್ಲಿ, ನಿಧಾನವಾಗಿ ಹಿಂದಕ್ಕೆ ತಳ್ಳಿ. ಹಳಿ ಬಿಟ್ಟರೆ ಆ ವ್ಯಾಗನ್ನನ್ನು ತಿರುಗಿಸಿ ಇಟ್ಟು ಮತ್ತೆ ತಳ್ಳಿ. ಅದೇ ಜಾಗದಲ್ಲಿ ಎಲ್ಲ ವ್ಯಾಗನ್ನೂ ಬಿದ್ದರೆ ತಪ್ಪು ಹಳಿಯದು. ಒಂದೇ ವ್ಯಾಗನ್ ಎಲ್ಲ ಜಾಗದಲ್ಲೂ ಬಿದ್ದರೆ ಅದರ ಗಾಲಿ ಅಂತರ, ಸ್ಕ್ರೂ, ಕಪ್ಲರ್, ಈ ಕ್ರಮದಲ್ಲಿ ನೋಡಿ. ತಿರುಗಿಸಿ ಇಟ್ಟಾಗ ಬೀಳುವ ಬೋಗಿ ಬದಲಾಯಿತಾ ಅನ್ನುವುದನ್ನೂ ಗಮನಿಸಿ, ಯಾವ ತುದಿಯ ದೋಷ ಅಂತ ಅದೇ ಹೇಳುತ್ತದೆ.

ಪಾಸಾದ ವ್ಯಾಗನ್ನಿನ ತಳದಲ್ಲಿ ಸಣ್ಣ ಮಾರ್ಕರ್‌ನಿಂದ ತೂಕ, ಗಾಲಿ ಅಂತರ, ಬೋಗಿ ಯಾವ ಕಂಪನಿಯದು ಅಂತ ಬರೆದಿಡಿ. ಉಳಿದ ಐದು ತಳ ಡಬ್ಬಿಯಲ್ಲಿವೆಯಲ್ಲ, ಅವುಗಳಲ್ಲಿ ಎರಡರ ಮೇಲೆ ಮುಚ್ಚಿದ ವ್ಯಾನ್ ಕಟ್ಟಿ, ಒಂದರ ಮೇಲೆ ಗಾರ್ಡಿನ ಬ್ರೇಕ್ ವ್ಯಾನ್. ಮುಚ್ಚಿದ ವ್ಯಾನಿನ ಚಾವಣಿಯನ್ನು ಅಂಟಿಸದೆ ಬಿಡಿ. ತೂಕ ಒಳಗೆ ನೆಲದ ಮೇಲೇ ಕೂರುತ್ತದೆ, ಬೇಕಾದಾಗ ತೆಗೆದು ಸರಿಮಾಡಬಹುದು.